ಮುಟ್ಟುವ ಮುನ್ನ ನೋಡುವ ಕಸುಬು

ದಿನ ತುಂಬದ ಮಕ್ಕಳ ಘಟಕದಲ್ಲಿ ಪಳಗಿದ ಸಿಸ್ಟರ್ ಮಗುವಿನ ಬಳಿ ಹೋಗುವ ರೀತಿಯೇ ಬೇರೆ. ಕೈ ತೊಳೆದು ಒಣಗಿಸಿಕೊಳ್ಳುತ್ತಾರೆ. ಅಂಗೈಗೆ ಅಂಗೈ ತೀಡಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆಮೇಲೆ ಮಗುವನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದಲ್ಲಿ ನಿಂತು ಅರ್ಧ ನಿಮಿಷ ಸುಮ್ಮನೆ ನೋಡುತ್ತಾರೆ. ಉಸಿರು ಒಂದೇ ಹದದಲ್ಲಿದೆಯೋ, ನಿಂತು ನಿಂತು ಓಡುತ್ತಿದೆಯೋ? ತುಟಿಯ ಸುತ್ತ ಬಣ್ಣ ಹೇಗಿದೆ? ಬೆರಳುಗಳು ಮಡಚಿ ಬಾಯಿಯ ಹತ್ತಿರ ಇವೆಯೋ, ಬಿಡಿಬಿಡಿಯಾಗಿ ಚಾಚಿಕೊಂಡಿವೆಯೋ? ಮಗು ಗಾಢ ನಿದ್ದೆಯಲ್ಲಿದ್ದು, ಮಾಡಬೇಕಾದ ಕೆಲಸ ತುರ್ತಿನದ್ದಲ್ಲದಿದ್ದರೆ ಅವರು ಬಂದ ಹಾಗೆಯೇ ಹಿಂದಕ್ಕೆ ಸರಿಯುತ್ತಾರೆ. ತಾಪಮಾನವನ್ನು ಇಪ್ಪತ್ತು ನಿಮಿಷ ಬಿಟ್ಟು ನೋಡಿದರೂ ನಡೆಯುತ್ತದೆ. ಕೆಡಿಸಿದ ನಿದ್ದೆಯನ್ನು ಮತ್ತೆ ತಂದುಕೊಡಲು ಬರುವುದಿಲ್ಲ.

ವೈದ್ಯಕೀಯದಲ್ಲಿ ಇದಕ್ಕೆ ಡೆವಲಪ್‌ಮೆಂಟಲ್ ಕೇರ್ ಎನ್ನುತ್ತಾರೆ. ಜೀವ ಉಳಿಸುವ ಚಿಕಿತ್ಸೆ ನಡೆಯುತ್ತಿರುವಾಗಲೇ ಮಗುವಿನ ಮಿದುಳು, ನಿದ್ದೆ, ಮೈಕಟ್ಟು ಇವಕ್ಕೆ ಪೆಟ್ಟಾಗದಂತೆ ಕಾಯುವ ಆರೈಕೆ ಅದು. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಮನಶ್ಶಾಸ್ತ್ರಜ್ಞೆ ಹೈಡೆಲಿಸ್ ಆಲ್ಸ್ 1982ರಲ್ಲಿ ಇದಕ್ಕೊಂದು ತಾತ್ವಿಕ ಚೌಕಟ್ಟು ಕೊಟ್ಟರು. ಮಾತು ಬಾರದ ಮಗು ಮೈಯಿಂದಲೇ ಹೇಳುತ್ತದೆ, ಅದನ್ನು ಓದಲು ಕಲಿಯಬೇಕು ಎಂಬುದು ಅವರ ವಾದದ ತಿರುಳು. ಕೈ ಮುಂದಕ್ಕೆ ಚಾಚಿ ಐದೂ ಬೆರಳು ಅಗಲಿಸಿದರೆ, ಬೆನ್ನು ಹಿಂದಕ್ಕೆ ಬಾಗಿಸಿದರೆ, ಮೈಬಣ್ಣ ಮಚ್ಚೆಮಚ್ಚೆಯಾದರೆ ಮಗುವಿಗೆ ಸಾಕಾಗಿದೆ ಎಂದರ್ಥ. ಪದೇ ಪದೇ ಬರುವ ಆಕಳಿಕೆ, ಬಿಕ್ಕಳಿಕೆ, ಸೀನು ಕೂಡ ಅದನ್ನೇ ಹೇಳುತ್ತವೆ. ಪುಟ್ಟ ಮಗು ಆಕಳಿಸಿದರೆ ನೆಂಟರಿಗೆ ಮುದ್ದು ಉಕ್ಕುತ್ತದೆ. ಸಿಸ್ಟರ್ ಮಾತ್ರ ಮಾಡುತ್ತಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಎರಡೂ ಅಂಗೈಯಿಂದ ತಲೆ ಮತ್ತು ಕಾಲನ್ನು ಹಗುರವಾಗಿ ಆವರಿಸಿ ಕಾಯುತ್ತಾರೆ.

ಇಷ್ಟು ನಾಜೂಕು ಯಾಕೆ ಬೇಕು ಎಂಬುದಕ್ಕೆ ಉತ್ತರ ಮಗುವಿನ ಮಿದುಳಿನಲ್ಲಿದೆ. ಇಪ್ಪತ್ತನಾಲ್ಕು ವಾರದ ಭ್ರೂಣದ ಮಿದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪು. ಮಡಿಕೆಗಳೆಲ್ಲ ಮೂಡುವುದು ಮುಂದಿನ ನಾಲ್ಕು ತಿಂಗಳಲ್ಲಿ. ಮೂವತ್ತನಾಲ್ಕು ವಾರಕ್ಕೆ ಹುಟ್ಟಿದ ಮಗುವಿನ ಮಿದುಳಿನ ತೂಕ, ದಿನ ತುಂಬಿದ ಮಗುವಿನದರ ಮೂರನೇ ಎರಡರಷ್ಟು ಮಾತ್ರ. ಗರ್ಭದ ಕತ್ತಲಲ್ಲಿ, ನೀರಿನಲ್ಲಿ ತೇಲುತ್ತ ಆಗಬೇಕಿದ್ದ ಕೆಲಸವೆಲ್ಲ ಈಗ ಟ್ಯೂಬ್‌ಲೈಟಿನ ಕೆಳಗೆ, ಅಲಾರಂ ಸದ್ದಿನ ನಡುವೆ, ಸೂಜಿ ಚುಚ್ಚಿಸಿಕೊಳ್ಳುತ್ತ ಆಗಬೇಕು. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. 2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು ಆ ಲಾಭವನ್ನು ಪೂರ್ತಿ ಪಡೆಯದೆ ಹುಟ್ಟಿದವು ಎಂದು ಅಂದಾಜು. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟು ಇರಲಿಲ್ಲ.

ಈ ಕಸುಬನ್ನು ಮಾಲೇಗಾಂವಿನಂಥ ಊರಿನಲ್ಲಿಟ್ಟು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ನಾಶಿಕ್ ಜಿಲ್ಲೆಯ ಈ ಪವರ್‌ಲೂಮ್ ಪಟ್ಟಣ ಮೋಸಂ ನದಿಯ ಎರಡೂ ದಡಕ್ಕೆ ಹಬ್ಬಿದೆ. 1857ರ ನಂತರ ಉತ್ತರ ಭಾರತದಿಂದ ಬಂದು ನೆಲೆಸಿದ ಮೋಮಿನ್ ನೇಕಾರರ ಊರು ಇದು. ಲಕ್ಷಗಟ್ಟಲೆ ಮಗ್ಗಗಳು ಹನ್ನೆರಡು ತಾಸಿನ ಪಾಳಿಯಲ್ಲಿ ಹಗಲಿರುಳು ಓಡುತ್ತವೆ. ನಮ್ಮ ರಬಕವಿ, ಬನಹಟ್ಟಿಯ ನೇಕಾರ ಓಣಿಗಳಲ್ಲಿ ಅಡ್ಡಾಡಿದವರಿಗೆ ಆ ಖಟಖಟ ಹೊಸದಲ್ಲ. ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ. ಊರಲ್ಲಿ ಸರ್ಕಾರಿ ಸಾಮಾನ್ಯ ಆಸ್ಪತ್ರೆ ಇದೆ. ಅಲ್ಲಿ ನಿಭಾಯಿಸಲಾಗದ ಮಗುವಾದರೆ ಧುಳೆಗೆ ಐವತ್ತು ಕಿ.ಮೀ., ನಾಶಿಕ್‌ಗೆ ನೂರು ಕಿ.ಮೀ.; ಆಚೆ ಛತ್ರಪತಿ ಸಂಭಾಜಿನಗರದ ‘ಘಾಟಿ’ ಸರ್ಕಾರಿ ಆಸ್ಪತ್ರೆ ಅದಕ್ಕಿಂತ ದೂರ. ಸಟಾಣಾ, ಕಳವಣ ಕಡೆಯ ಆದಿವಾಸಿ ಹಾಡಿಗಳಿಂದ ಬರುವ ಬಾಣಂತಿಯರೂ ಇದೇ ದಾರಿ ಹಿಡಿಯಬೇಕು. ರಕ್ತಹೀನತೆ, ಒಂದರ ಹಿಂದೆ ಒಂದು ಬಸಿರು, ಏರಿದ ರಕ್ತದೊತ್ತಡ, ಸೋಂಕು: ಮಗು ಬೇಗ ಹುಟ್ಟಲು ಎಲ್ಲ ಕಡೆ ಇರುವ ಕಾರಣಗಳೇ ಇಂಥ ದುಡಿಯುವ ಊರುಗಳಲ್ಲಿ ಹೆಚ್ಚು ಗಟ್ಟಿಯಾಗಿ ಕೂತಿವೆ.

ಆರೈಕೆಯ ಮೊದಲ ಪಾಠ ಗೂಡು ಕಟ್ಟುವುದು. ನೋಡಲು ಸರಳ. ಮೆತ್ತನೆಯ ಹತ್ತಿಬಟ್ಟೆಯನ್ನು ಉದ್ದಕ್ಕೆ ಸುರುಳಿ ಸುತ್ತಿ, ಮಗುವಿನ ಸುತ್ತ ಲಾಳದಾಕಾರದಲ್ಲಿ ಇಟ್ಟು, ಮೇಲೊಂದು ತೆಳುಬಟ್ಟೆ ಹಾಸುವುದು. ಆದರೆ ಅದರ ಅಳತೆಯಲ್ಲೇ ವಿದ್ಯೆ ಇದೆ. ಮಗುವಿನ ಪಾದ ಸುರುಳಿಗೆ ತಾಗಬೇಕು. ಗರ್ಭದ ಗೋಡೆಯನ್ನು ಒದೆಯುತ್ತಿದ್ದ ಕಾಲಿಗೆ ಒದೆಯಲು ಏನಾದರೂ ಸಿಗಬೇಕು. ಸುರುಳಿ ತೀರ ದೂರವಾದರೆ ಗೂಡಿದ್ದೂ ಇಲ್ಲದಂತೆ, ತೀರ ಬಿಗಿಯಾದರೆ ಎದೆಯ ಏರಿಳಿತಕ್ಕೆ ಅಡ್ಡಿ. ಭುಜಗಳು ಮುಂದಕ್ಕೆ ಬಂದು ಕೈ ಬಾಯಿಗೆ ಸಿಗುವಂತಿರಬೇಕು, ಮಂಡಿ ಹೊಟ್ಟೆಯ ಕಡೆಗೆ ಮಡಚಿರಬೇಕು. ಗೂಡಿಲ್ಲದೆ ವಾರಗಟ್ಟಲೆ ಬರೀ ಹಾಸಿಗೆಯ ಮೇಲೆ ಮಲಗಿದ ಮಗುವಿನ ಸ್ನಾಯುಗಳಿಗೆ ಭೂಮಿಯ ಸೆಳೆತವನ್ನು ಎದುರಿಸುವ ಬಲವಿಲ್ಲ. ಕೈಕಾಲು ಅಕ್ಕಪಕ್ಕಕ್ಕೆ ಚಪ್ಪಟೆ ಬಿದ್ದು, ಸೊಂಟದ ಕೀಲು ಹೊರಕ್ಕೆ ತಿರುಗಿ, ಹೆಗಲು ಹಿಂದಕ್ಕೆ ಸರಿದು ಗಟ್ಟಿಯಾಗುತ್ತವೆ. ಅದರ ಪರಿಣಾಮ ಕಾಣುವುದು ತಿಂಗಳುಗಳ ನಂತರ, ಮಗು ಅಂಬೆಗಾಲಿಡಲು ತಡಮಾಡಿದಾಗ. ಆಗ ಗೂಡು ಕಟ್ಟದ ಆ ಮೊದಲ ವಾರಗಳು ಯಾರ ನೆನಪಿಗೂ ಬರುವುದಿಲ್ಲ.

ಲಂಗೋಟಿ ಬದಲಿಸುವುದನ್ನೇ ನೋಡಿ. ನಾವೆಲ್ಲ ಮಗುವಿನ ಎರಡೂ ಕಾಲು ಹಿಡಿದು ಮೇಲೆತ್ತಿ ಬಟ್ಟೆ ಸರಿಸುತ್ತೇವೆ. ಒಂದು ಕೇಜಿ ತೂಕದ ಮಗುವಿಗೆ ಮೊದಲ ಮೂರು ದಿನ ಹಾಗೆ ಮಾಡುವಂತಿಲ್ಲ. ಅದರ ಮಿದುಳಿನ ಒಳಗೆ, ದ್ರವ ತುಂಬಿದ ಕುಹರಗಳ ಅಂಚಿನಲ್ಲಿ, ತೀರ ತೆಳು ಗೋಡೆಯ ರಕ್ತನಾಳಗಳ ದಟ್ಟಣೆ ಇರುತ್ತದೆ. ಕಾಲೆತ್ತಿದರೆ ರಕ್ತ ತಲೆಯ ಕಡೆ ನುಗ್ಗುತ್ತದೆ. ಆ ನಾಳಗಳು ಒಡೆಯುವ ಅಪಾಯ ಹುಟ್ಟಿದ ಮೊದಲ 72 ತಾಸಿನಲ್ಲೇ ಹೆಚ್ಚು. ಹಾಗಾಗಿ ಬಲ್ಲವರು ತಲೆ ಮತ್ತು ಮೈ ಒಂದೇ ಗೆರೆಯಲ್ಲಿ ಇರುವಂತೆ ಮಗುವನ್ನು ನಿಧಾನ ಪಕ್ಕಕ್ಕೆ ಹೊರಳಿಸಿ ಬಟ್ಟೆ ಜಾರಿಸುತ್ತಾರೆ. ಕೈಯ ಆ ಒಂದು ಚಲನೆಯಲ್ಲಿ ಎಷ್ಟು ಅಂಗರಚನಾಶಾಸ್ತ್ರ ಅಡಗಿದೆ ಎಂದು ಯೋಚಿಸಿದಾಗೆಲ್ಲ ನನಗೆ ಈ ಕಸುಬಿನ ಬಗ್ಗೆ ಗೌರವ ಹೆಚ್ಚುತ್ತದೆ.

ನೋವಿನ ವಿಚಾರದಲ್ಲಿ ವೈದ್ಯಲೋಕವೇ ತಡವಾಗಿ ಎಚ್ಚೆತ್ತಿತು. ನವಜಾತ ಶಿಶುವಿಗೆ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ 1980ರ ದಶಕದವರೆಗೂ ಇತ್ತು. ಅರೆಬರೆ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಯೂ ನಡೆಯುತ್ತಿತ್ತು. ಅದನ್ನು ಬುಡಮೇಲು ಮಾಡಿದವರಲ್ಲಿ ಮುಖ್ಯರು ಇಂದೋರಿನಲ್ಲಿ ವೈದ್ಯಕೀಯ ಓದಿದ ಕನ್ವಲ್‌ಜೀತ್ ಸಿಂಗ್ ಆನಂದ್. 1987ರಲ್ಲಿ ಅವರು ಸಹೋದ್ಯೋಗಿಯೊಡನೆ ಬರೆದ ಲೇಖನದ ನಂತರ ಹಳೆಯ ನಂಬಿಕೆ ನಿಲ್ಲಲಿಲ್ಲ. ಇವತ್ತು ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಒಬ್ಬ ಸಿಸ್ಟರ್ ಮಗುವಿನ ತಲೆಯ ಮೇಲೊಂದು ಕೈ, ಮಡಚಿದ ಕಾಲಿನ ಮೇಲೊಂದು ಕೈ ಇಟ್ಟು ಹಿಡಿದಿರುತ್ತಾರೆ, ನಾಲಿಗೆಯ ಮೇಲೆ ತಾಯಿಯ ಹಾಲಿನ ಒಂದೆರಡು ಹನಿ ಬಿಡುತ್ತಾರೆ. ನೋವು ಕಡಿಮೆಯಾಗುವುದು ನಾಡಿಬಡಿತದಲ್ಲೇ ಗೊತ್ತಾಗುತ್ತದೆ. ಆದರೆ ಇದಕ್ಕೆ ಇಬ್ಬರು ಬೇಕು: ಚುಚ್ಚಲು ಒಬ್ಬರು, ಹಿಡಿಯಲು ಒಬ್ಬರು. ರಾತ್ರಿ ಪಾಳಿಯಲ್ಲಿ ಆ ಎರಡನೆಯವರು ಎಲ್ಲಿಂದ ಬರಬೇಕು?

ಅಡ್ಡಿಗಳ ಮಾತು ಇಲ್ಲಿಂದಲೇ ಶುರುವಾಗುತ್ತದೆ. ನಮ್ಮ ಸರ್ಕಾರಿ ನವಜಾತ ಘಟಕಗಳಲ್ಲಿ, ಅಂದರೆ ಎಸ್‌ಎನ್‌ಸಿಯುಗಳಲ್ಲಿ, ಒಬ್ಬ ಸಿಸ್ಟರ್‌ಗೆ ಒಂದು ಪಾಳಿಯಲ್ಲಿ ಮೂರರಿಂದ ನಾಲ್ಕು ಹಾಸಿಗೆ ಎಂಬುದು ಕಾಗದದ ಲೆಕ್ಕ. ಹಾಸಿಗೆಗಿಂತ ಮಕ್ಕಳು ಹೆಚ್ಚಾದಾಗ ಆ ಲೆಕ್ಕ ಏಳಕ್ಕೋ ಎಂಟಕ್ಕೋ ಹೋಗಿ ನಿಲ್ಲುತ್ತದೆ. ಎಂಟು ಮಕ್ಕಳು ಎಂದಿಟ್ಟುಕೊಳ್ಳೋಣ. ಎರಡು ತಾಸಿಗೊಮ್ಮೆ ಹಾಲು. ಮೂಗಿನ ನಳಿಕೆಯಿಂದ ಹಾಲು ಕೊಡುವ ಸರಿಯಾದ ಕ್ರಮವೆಂದರೆ ಪಿಸ್ಟನ್ ತೆಗೆದ ಸಿರಿಂಜನ್ನು ಎತ್ತರಕ್ಕೆ ಹಿಡಿದು, ಹಾಲು ತನ್ನಷ್ಟಕ್ಕೆ ಇಳಿಯಲು ಬಿಡುವುದು. ಚೂರು ದೊಡ್ಡದಾದ ಮಗುವಿಗೆ ಒಳಲೆಯಲ್ಲಿ ಕುಡಿಸಬೇಕು. ಮರಾಠಿ ಮನೆಗಳಲ್ಲಿ ಅದು ಬೋಂಡ್ಲೆ, ಆಸ್ಪತ್ರೆಯಲ್ಲಿ ಪಾಲಾಡೈ. ಎರಡರಲ್ಲೂ ಒಂದು ಮಗುವಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎಂಟು ಮಕ್ಕಳಿಗೆ 160 ನಿಮಿಷ. ಇರುವುದು 120. ಆ ನಡುವೆ ಔಷಧಿ, ಡ್ರಿಪ್, ಹೊಸ ದಾಖಲಾತಿ, ಫೋನು. ಹಾಗಾಗಿ ಪಿಸ್ಟನ್ ಒತ್ತಿ ಹಾಲು ತಳ್ಳುವ ದಿನ ಬಂದೇ ಬರುತ್ತದೆ. ತಳ್ಳಿದರೆ ವಾಂತಿ, ಉಸಿರುಗಟ್ಟುವಿಕೆ, ಹೊಟ್ಟೆಯುಬ್ಬರ ಎಂಬುದು ಗೊತ್ತಿರುವ ಸಿಸ್ಟರ್‌ಗೇ ಆ ಕೆಲಸ ಮಾಡಬೇಕಾಗುತ್ತದೆ. ಅವರಿಗೆ ತರಬೇತಿ ಸಾಲದು ಎನ್ನುವವರು ಮೊದಲು ಈ ಗುಣಾಕಾರ ಮಾಡಲಿ.

2017ರ ಆಗಸ್ಟ್‌ನಲ್ಲಿ ನಾಶಿಕ್ ಜಿಲ್ಲಾ ಆಸ್ಪತ್ರೆಯ ನವಜಾತ ಘಟಕದಲ್ಲಿ ಒಂದೇ ತಿಂಗಳಲ್ಲಿ 55 ಮಕ್ಕಳು ತೀರಿಕೊಂಡ ಸುದ್ದಿ ದೇಶವೆಲ್ಲ ಹರಡಿತು. ಇದ್ದದ್ದು 18 ಇನ್‌ಕ್ಯುಬೇಟರ್. ಒಂದೊಂದರಲ್ಲಿ ಎರಡು, ಕೆಲವೊಮ್ಮೆ ಮೂರು ಮಕ್ಕಳನ್ನು ಇಡಬೇಕಾಗುತ್ತಿತ್ತು ಎಂದು ಆಗ ವರದಿಯಾಯಿತು. ಬಹಳಷ್ಟು ಮಕ್ಕಳು ಕೊನೆ ಗಳಿಗೆಯಲ್ಲಿ ಬೇರೆಡೆಯಿಂದ ಬಂದ ದಿನ ತುಂಬದ ಮಕ್ಕಳು ಎಂದು ಆಸ್ಪತ್ರೆ ಹೇಳಿತು. ಸಾವಿನ ಸಂಖ್ಯೆಯ ಸುತ್ತ ಚರ್ಚೆ ನಡೆಯಿತು, ನಡೆಯಲೇಬೇಕಿತ್ತು. ಆದರೆ ಒಂದು ವಾರ್ಮರ್‌ನಲ್ಲಿ ಇಬ್ಬರಿದ್ದಾಗ ಬದುಕಿ ಮನೆಗೆ ಹೋದ ಮಗುವಿಗೂ ಏನೇನು ತಪ್ಪಿತು ಎಂದು ಕೇಳಿದವರು ಕಡಿಮೆ. ಇಬ್ಬರಿಗೆ ಒಂದು ಗೂಡು ಕಟ್ಟಲಾಗದು. ಒಬ್ಬರಿಗೆ ಚುಚ್ಚಿದರೆ ಇನ್ನೊಬ್ಬರು ಏಳುತ್ತಾರೆ. ಒಬ್ಬರ ಸೋಂಕು ಇನ್ನೊಬ್ಬರದೂ ಆಗುತ್ತದೆ.

ಯಂತ್ರವೂ ಅಡ್ಡಿಯಾಗುತ್ತದೆ. ಡೆವಲಪ್‌ಮೆಂಟಲ್ ಕೇರ್ ಬೆಳೆದದ್ದು ಮುಚ್ಚಿದ ಇನ್‌ಕ್ಯುಬೇಟರ್‌ಗಳ ದೇಶದಲ್ಲಿ. ಅಲ್ಲಿ ದಪ್ಪ ಬಟ್ಟೆಯೊಂದನ್ನು ಹೊದಿಸಿದರೆ ಅರ್ಧ ಕತ್ತಲು, ಅರ್ಧ ಮೌನ ಸಿಕ್ಕಿಬಿಡುತ್ತದೆ. ಊರ ಜನ ‘ಮಗುವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ’ ಎನ್ನುವುದು ನಿಜ, ಆದರೆ ನಮ್ಮ ಸರ್ಕಾರಿ ಘಟಕಗಳಲ್ಲಿ ಇರುವುದು ಬಹುಪಾಲು ಮುಚ್ಚಳವಿಲ್ಲದ ರೇಡಿಯಂಟ್ ವಾರ್ಮರ್. ಮೇಲಿನಿಂದ ಶಾಖ ಬೀಳುವ ತೆರೆದ ಮಂಚ ಅದು. ಹೊದಿಸಿದರೆ ಶಾಖಕ್ಕೇ ತಡೆ. ಕೋಣೆಯ ಪ್ರತಿ ಸದ್ದೂ, ಪ್ರತಿ ದೀಪವೂ ಮಗುವಿನ ಮೇಲೆ ನೇರ ಬೀಳುತ್ತದೆ. ಇಂಥ ಕೋಣೆಯ ಸದ್ದು 45 ಡೆಸಿಬಲ್ ಮೀರಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಇಬ್ಬರು ಮಾಮೂಲು ದನಿಯಲ್ಲಿ ಮಾತಾಡಿದರೇ 60. ಸ್ಟೀಲ್ ಟ್ರೇ ಇಟ್ಟ ಸದ್ದು, ಕಸದ ಡಬ್ಬಿಯ ಮುಚ್ಚಳ, ಯಾರದೋ ಮೊಬೈಲ್ ರಿಂಗ್‌ಟೋನ್, ರೌಂಡ್ಸಿಗೆ ಬಂದ ಗುಂಪು. ಮಗ್ಗದ ಸದ್ದಿನಲ್ಲೇ ಬಸಿರು ಕಳೆದ ತಾಯಿಯ ಮಗುವಿಗೆ ಈ ಸದ್ದು ಯಾವ ಲೆಕ್ಕ ಎಂದು ಕೇಳಬಹುದು. ಗರ್ಭದ ನೀರು ಮತ್ತು ಹೊಟ್ಟೆಯ ಗೋಡೆ ಚೂಪು ಸದ್ದುಗಳನ್ನು ಸೋಸಿ ಒಳಗೆ ಬಿಡುತ್ತಿದ್ದವು. ಇಲ್ಲಿ ಸೋಸುವುದು ಏನೂ ಇಲ್ಲ. ಒಳ್ಳೆಯ ಸಿಸ್ಟರ್ ಮಾಡಬಲ್ಲದ್ದನ್ನು ಮಾಡುತ್ತಾರೆ: ಟ್ರೇ ಕೆಳಗೆ ಮಡಚಿದ ಬಟ್ಟೆ, ಬಾಗಿಲ ತಿರುಗಣಿಗೆ ಎಣ್ಣೆ, ಅಲಾರಂ ಕೂಗಿದ ಕೂಡಲೇ ಓಡಿ ಬಂದು ಮೊದಲು ಮಗುವನ್ನು ನೋಡಿ ಆಮೇಲೆ ಸದ್ದು ಅಡಗಿಸುವುದು, ರಾತ್ರಿ ಒಂದು ಸಾಲಿನ ದೀಪ ಆರಿಸುವುದು. ದೀಪ ಆರಿಸಿದ್ದಕ್ಕೆ ಮೇಲಿನವರಿಂದ ಬೈಸಿಕೊಳ್ಳುವುದೂ ಉಂಟು.

ಕಲಿತ ಕೈ ಘಟಕದಲ್ಲಿ ಉಳಿಯದಿರುವುದು ಇನ್ನೊಂದು ಕಷ್ಟ. ಎಸ್‌ಎನ್‌ಸಿಯು ಸಿಸ್ಟರ್‌ಗೆ ನಾಲ್ಕು ದಿನದ ಪಾಠ, ಎರಡು ವಾರ ದೊಡ್ಡ ಆಸ್ಪತ್ರೆಯಲ್ಲಿ ನೋಡಿ ಕಲಿಯುವ ಅವಕಾಶ ಇದೆ. ಮಗುವಿನ ಮೈಭಾಷೆ ಓದುವ ಕಣ್ಣು ಅದರಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ ಅದೇ ಮಕ್ಕಳ ಜೊತೆ ಇದ್ದರೆ ಬರುತ್ತದೆ. ಅದು ಬರುವ ಹೊತ್ತಿಗೆ ರೊಟೇಶನ್ ಎಂದು ಸರ್ಜಿಕಲ್ ವಾರ್ಡಿಗೋ ಅಪಘಾತ ವಿಭಾಗಕ್ಕೋ ಹಾಕುತ್ತಾರೆ. ಹೊಸಬರು ಮತ್ತೆ ಮೊದಲಿನಿಂದ. ಗುತ್ತಿಗೆಯ ಮೇಲೆ ಇರುವವರು ಹೆಚ್ಚು ಸಂಬಳ ಸಿಕ್ಕ ಕಡೆ ಹೋದರೆ ತಪ್ಪು ಅವರದಲ್ಲ.

ಇವೆಲ್ಲಕ್ಕಿಂತ ಆಳದ ಅಡ್ಡಿ ಒಂದಿದೆ ಎಂದು ನನಗೆ ಅನ್ನಿಸುತ್ತದೆ. ಈ ಕೆಲಸಕ್ಕೆ ದಾಖಲೆ ಇಲ್ಲ. ಕೊಟ್ಟ ಇಂಜೆಕ್ಷನ್ ಕೇಸ್‌ಶೀಟಿನಲ್ಲಿ ಬರುತ್ತದೆ, ತೆಗೆದ ರಕ್ತ ಬರುತ್ತದೆ, ಎರಡು ತಾಸಿಗೊಮ್ಮೆ ತಾಪಮಾನ ಬರುತ್ತದೆ. ಮಗು ಮಲಗಿದೆ ಎಂದು ಮುಟ್ಟದೆ ಬಂದದ್ದು ಎಲ್ಲಿ ಬರೆಯಬೇಕು? ಮೂರು ಕೆಲಸ ಒಟ್ಟಿಗೆ ಮುಗಿಸಿ ಎರಡು ತಾಸಿನ ನಿದ್ದೆ ಉಳಿಸಿಕೊಟ್ಟದ್ದಕ್ಕೆ ಯಾವ ಕಾಲಂ? ಬರೆಯಬೇಕೆಂದರೆ ತಾಪಮಾನದ ಕೆಳಗೆ ಒಂದು ಸಾಲು ಸಾಕು. ಅಮೆರಿಕದ ಘಟಕಗಳಲ್ಲಿ 1970ರ ದಶಕದಲ್ಲಿ ಎಣಿಸಿ ನೋಡಿದಾಗ ಒಂದೊಂದು ಮಗುವನ್ನು ದಿನಕ್ಕೆ ನೂರಕ್ಕೂ ಹೆಚ್ಚು ಸಲ ಮುಟ್ಟುತ್ತಿದ್ದರು. ಆ ಎಣಿಕೆ ಆಗುವವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ತಪಾಸಣೆಗೆ ಬಂದವರು ರಿಜಿಸ್ಟರ್ ನೋಡುತ್ತಾರೆ. ರಿಜಿಸ್ಟರ್‌ನಲ್ಲಿ ಇಲ್ಲದ ಕೆಲಸಕ್ಕೆ ಹುದ್ದೆ ಮಂಜೂರಾಗುವುದಿಲ್ಲ. ದಾಖಲೆ ಇಲ್ಲದ ಈ ಸ್ಥಿತಿ ವೈದ್ಯರ ಮನೋಭಾವಕ್ಕೂ ತಟ್ಟುತ್ತದೆ. ‘ಸರ್, ಈಗ ಬೇಡ, ಹತ್ತು ನಿಮಿಷ ಬಿಟ್ಟು ರಕ್ತ ತೆಗೆಯೋಣ’ ಎಂದು ಹೇಳುವ ಧೈರ್ಯ ಎಷ್ಟು ಸಿಸ್ಟರ್‌ಗಳಿಗೆ ಇದೆ, ಆ ಮಾತು ಕೇಳಿ ನಿಲ್ಲುವ ಡಾಕ್ಟರ್ ಎಷ್ಟಿದ್ದಾರೆ ಎಂಬುದರ ಮೇಲೆ ಒಂದು ಘಟಕದ ಗುಣ ಗೊತ್ತಾಗಿಬಿಡುತ್ತದೆ.

ಕೈ ಸಾಲದ ಕಡೆ ಸಹಾಯಕ್ಕೆ ಬರಬಲ್ಲವಳು ತಾಯಿ. ಅವಳನ್ನೇ ನಾವು ಬಹುಕಾಲ ಬಾಗಿಲ ಹೊರಗೆ ಕೂರಿಸಿದೆವು. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾ. ಎಡ್ಗರ್ ರೇ ಮಕ್ಕಳನ್ನು ತಾಯಂದಿರ ಬರಿಯೆದೆಗೆ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಬಡತನದ ಉಪಾಯ ಎಂದು ಕಂಡದ್ದು ಮುಂದೆ ಎಲ್ಲ ಕಡೆಗೂ ಒಳ್ಳೆಯ ಚಿಕಿತ್ಸೆ ಎಂದು ಸಾಬೀತಾಯಿತು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ, 1 ಕೇಜಿಯಿಂದ 1.8 ಕೇಜಿಯೊಳಗಿನ 3,211 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಗುವಿನ ಸ್ಥಿತಿ ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ 28 ದಿನದೊಳಗಿನ ಸಾವು ಶೇ 15.7ರಿಂದ 12ಕ್ಕೆ ಇಳಿಯಿತು. ಮುಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಶಿಫಾರಸು ಮಾಡಿತು. ಆಲ್ಸ್ ಅವರ ಪೂರ್ತಿ ಪದ್ಧತಿಯ ಬಗ್ಗೆ ಸಂಶೋಧಕರಲ್ಲಿ ಇನ್ನೂ ಭಿನ್ನಾಭಿಪ್ರಾಯ ಉಂಟು. ಎದೆಗೆ ಎದೆ ಹಚ್ಚುವುದರ ಬಗ್ಗೆ ಇಲ್ಲ. ಒಂದೇ ಕೆಲಸದಲ್ಲಿ ಗೂಡು, ಶಾಖ, ತಾಯಿಯ ದನಿ, ಹಾಲಿನ ವಾಸನೆ ಎಲ್ಲ ಮಗುವಿಗೆ ಸಿಕ್ಕುತ್ತವೆ.

ನಮ್ಮ ಕೊಪ್ಪಳದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸಲು ಕೆಲಸ ಮಾಡಿದವು. ಬಿಸಿಲ ನಾಡಿನಲ್ಲಿ ಮಗುವನ್ನು ತಾಸುಗಟ್ಟಲೆ ಎದೆಗೆ ಕಟ್ಟಿಕೊಂಡಿರುವುದು ಸುಲಭವಲ್ಲ. ಒರಗಿ ಕೂರುವ ಕುರ್ಚಿ, ಫ್ಯಾನು, ಪರದೆ, ತಾಯಿಗೆ ಊಟ, ಹತ್ತಿರದಲ್ಲಿ ಪಾಯಖಾನೆ ಇಲ್ಲದಿದ್ದರೆ ಯಾವ ತಾಯಿಯೂ ಹೆಚ್ಚು ಹೊತ್ತು ನಿಲ್ಲಲಾರಳು. ಮಾಲೇಗಾಂವಿನಲ್ಲಿ ಪರದೆ ಇನ್ನೂ ಮುಖ್ಯ. ಗಂಡಸರು ಓಡಾಡುವ ಕೋಣೆಯಲ್ಲಿ ಬುರ್ಖಾ ತೊಟ್ಟ ಹೆಣ್ಣುಮಗಳಿಗೆ ಎದೆ ತೆರೆದು ಕೂರು ಎನ್ನುವ ಸಿಸ್ಟರ್ ಮೊದಲು ಆ ಮೂಲೆಯನ್ನು ಮರೆಮಾಡಬೇಕು, ಮರಾಠಿ ಬಿಟ್ಟು ಅವಳ ಉರ್ದುವಿನಲ್ಲೋ ಅಹಿರಾಣಿಯಲ್ಲೋ ನಾಲ್ಕು ಮಾತು ಆಡಬೇಕು. ಬಾಣಂತಿ ಸೊಸೆಯನ್ನು ನಲವತ್ತು ದಿನ ಹೊರಗೆ ಕಳಿಸಬಾರದು ಎನ್ನುವ ಅತ್ತೆಯನ್ನು ಒಪ್ಪಿಸಬೇಕು. ಒಮ್ಮೊಮ್ಮೆ ಆ ಅತ್ತೆಯ ಎದೆಗೇ ಮೊಮ್ಮಗುವನ್ನು ಕೊಡುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಅಪ್ಪಂದಿರೂ ಆಗಬಹುದು. ಊರಿನ ಮಗ್ಗಗಳಿಗೆ ಶುಕ್ರವಾರ ರಜೆ. ಅವತ್ತು ನಮಾಜ್ ಮುಗಿಸಿ ಬಂದ ಅಪ್ಪನ ಎರಡು ತಾಸನ್ನು ಮಗುವಿಗೆ ಕೊಡಿಸುವ ಸಿಸ್ಟರ್, ತನ್ನ ಎರಡು ತಾಸನ್ನೂ ಉಳಿಸಿಕೊಂಡಂತೆ. ನಾಶಿಕ್‌ಗೋ ಧುಳೆಗೋ ಸಾಗಿಸುವಾಗಲೂ, ಬೆಚ್ಚಗಿಡುವ ಪೆಟ್ಟಿಗೆ ಆಂಬುಲೆನ್ಸಿನಲ್ಲಿ ಇಲ್ಲದಿದ್ದರೆ, ಉಸಿರು ಸ್ಥಿರವಾಗಿರುವ ಮಗು ಹೀಗೆ ಎದೆಗಂಟಿಕೊಂಡೇ ಹೋಗಬಹುದು. ಕುಟುಂಬವನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಿ ಎಂದು ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸೋಂಕಿನ ಹೆದರಿಕೆಯಿಂದ ಇನ್ನೂ ಬಾಗಿಲು ತೆರೆಯದ ಘಟಕಗಳು ಬೇಕಾದಷ್ಟಿವೆ. ತಾಯಂದಿರಿಗೆ ಕೈತೊಳೆಯಲು ಕಲಿಸುವುದು, ಎಷ್ಟೇ ನಿಧಾನವಾದರೂ, ಬಾಗಿಲು ಹಾಕುವುದಕ್ಕಿಂತ ಮೇಲು.

ಇನ್ನು ಆಮ್ಲಜನಕದ ಗುಂಡಿ. ಇದನ್ನು ಯಂತ್ರದ ಕೆಲಸ ಎಂದು ತಿಳಿಯುವವರು ಬಹಳ. ನನಗೆ ಇದೂ ಅದೇ ನೋಡುವ ವಿದ್ಯೆಯ ಭಾಗ. ಆಕ್ಸಿಜನ್ ಮೇಲಿರುವ ಮಗುವಿನ ರಕ್ತದಲ್ಲಿ ಅದರ ಮಟ್ಟ ಶೇ 90ರಿಂದ 95ರ ನಡುವೆ ಇರಬೇಕು. 99 ತೋರಿಸಿದರೆ ಮನೆಯವರಿಗೆ ಖುಷಿ, ಹೊಸ ಸಿಸ್ಟರ್‌ಗೂ ಸಮಾಧಾನ. ಆದರೆ ಹೆಚ್ಚಾದ ಆಮ್ಲಜನಕ ಬೆಳೆಯುತ್ತಿರುವ ಅಕ್ಷಿಪಟಲದ ರಕ್ತನಾಳಗಳನ್ನು ದಾರಿ ತಪ್ಪಿಸುತ್ತದೆ. ಆರ್‌ಒಪಿ ಎಂಬ ಆ ಕಾಯಿಲೆ ಮಗುವನ್ನು ಕುರುಡು ಮಾಡಬಲ್ಲದು. ಹಾಗಾಗಿ ಪಳಗಿದ ಸಿಸ್ಟರ್ ಅಲಾರಂನ ಮೇಲಿನ ಮಿತಿಯನ್ನೂ 95ಕ್ಕೆ ಇಟ್ಟು, ಅದು ಕೂಗಿದಾಗ ಆಕ್ಸಿಜನ್ ಒಂದು ಚೂರು ಇಳಿಸುತ್ತಾರೆ. ಪಾಳಿಯಲ್ಲಿ ಎಷ್ಟು ಸಲ ಹೀಗೆ ಇಳಿಸಿ ಏರಿಸಿದರು ಎಂಬುದಕ್ಕೂ ಕಾಲಂ ಇಲ್ಲ.

ಆರ್‌ಒಪಿಗೆ ನೋವೂ ಇಲ್ಲ, ಹೊರಗೆ ಕಾಣುವ ಗುರುತೂ ಇಲ್ಲ. 34 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ 2 ಕೇಜಿಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ ನಾಲ್ಕು ವಾರದೊಳಗೆ ಪರೀಕ್ಷಿಸಲೇಬೇಕು. ಸಮಯಕ್ಕೆ ಸರಿಯಾಗಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೆ ಹೋಗಿ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಅಂಥ ತಂಡ ಮುಟ್ಟದ ಊರುಗಳಲ್ಲಿ ಕಣ್ಣಿನ ಪರೀಕ್ಷೆಯ ದಿನವನ್ನು ನೆನಪಿಡುವವರು ಸಿಸ್ಟರ್ ಒಬ್ಬರೇ. ಮಗು ಮನೆಗೆ ಹೊರಟಾಗ ಅವರು ತಾಯಿಯ ಎದುರು ಕೂತು, ಡಿಸ್ಚಾರ್ಜ್ ಕಾರ್ಡಿನ ಮೇಲೆ ಕಣ್ಣಿನ ಪರೀಕ್ಷೆಯ ತಾರೀಕನ್ನು ದಪ್ಪಕ್ಷರದಲ್ಲಿ ಬರೆದು, ಅಪ್ಪನ ಮೊಬೈಲ್ ನಂಬರನ್ನು ಎರಡು ಸಲ ಓದಿಸಿ, ಹಿಂದಿನ ದಿನ ತಾನೇ ಫೋನ್ ಮಾಡುವುದಾಗಿ ಹೇಳಿ ಕಳಿಸುತ್ತಾರೆ.